ಕಚ್ಚಿ ಕುಡಿದ ಮಗ್ಗು

ನಾನು ಒಂದು ಎನಾಮಲ್ ಮಗ್ಗು. ತಗಡಾಗಿದ್ದ ನನ್ನನ್ನು ಬಗ್ಗಿಸಿ, ಬಿಳಿ ಬಳಿದು, ಕುಲುಮೆಯಲ್ಲಿ ಬೇಯಿಸಿ, ಅಂಚಿಗೆ ನೀಲಿ ಗೆರೆ ಎಳೆದರು. ಚೆಂದವಾದೆನೆಂದು ಬೀಗುವಷ್ಟರಲ್ಲಿ ಹಡಗು ಹತ್ತಿಸಿಬಿಟ್ಟರು. ಎರಡನೇ ಮಹಾಯುದ್ಧ. ಯಾರದೋ ಜಗಳ, ಯಾರದೋ ಮರಳುಗಾಡು. ಅಲ್ಲಿ ದಂಡಿನ ಲಾರಿ ಓಡಿಸಲು ಹೋದವರು ಮಾಲೂರು ಕಡೆಯ ಚನ್ನರಾಯಪ್ಪ ಮತ್ತು ಮುನಿವೆಂಕಟ. ಒಂದೇ ಊರಿನವರು, ಮುನಿವೆಂಕಟ ಮಾತ್ರ ಊರಾಚೆಯ ಕೇರಿಯವನು.

ದಿನಕ್ಕೆ ಒಬ್ಬೊಬ್ಬರಿಗೆ ಒಂದೆರಡು ಮಗ್ಗು ನೀರು. ಮಿಕ್ಕ ಚಹಾದಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದರು. ಮುಖ ತೊಳೆದ ನೀರನ್ನು ಸೋಸಿ ಲಾರಿಯ ರೇಡಿಯೇಟರಿಗೆ ಸುರಿಯುತ್ತಿದ್ದರು. ಚಪಾತಿಯಲ್ಲಿ ಮರಳು ಕರಕರ ಎನ್ನುತ್ತಿತ್ತು. ನನ್ನಲ್ಲಿ ಇಡೀ ಗುಂಪೇ ಕುಡಿಯುತ್ತಿತ್ತು, ಎಲ್ಲರೂ ಎತ್ತಿಯೇ. ತುಟಿ ತಾಗಿಸಹೋದವನಿಗೆ ಬೈಗುಳದ ಸುರಿಮಳೆ.

ಒಂದು ಮಧ್ಯಾಹ್ನ ಬಾಂಬಿನ ಚೂರು ತಗುಲಿ ಮುನಿವೆಂಕಟ ಲಾರಿಯ ನೆರಳಲ್ಲಿ ಬಿದ್ದ. ನನ್ನ ತಳದಲ್ಲಿ ಉಳಿದಿದ್ದು ನಾಲ್ಕು ಗುಟುಕು. ಚನ್ನರಾಯಪ್ಪ ಎತ್ತಿ ಹುಯ್ದರೆ ನೀರು ಮೂಗಿಗೆ ಹೋಯಿತು. ಒಂದು ಗುಟುಕು ಮರಳಿನ ಪಾಲಾಯಿತು.

"ಕಚ್ಚಿ ಕುಡಿಯೋ."

ಮುನಿವೆಂಕಟ ಹಲ್ಲು ಬಿಗಿದ. "ಬ್ಯಾಡಣ್ಣ. ನೀವೆಲ್ಲ ಕುಡಿಯೋ ಮಗ್ಗು. ನನ್ನೆಂಜಲಾಗ್ತದೆ."

ಚನ್ನರಾಯಪ್ಪನಿಗೆ ರೇಗಿಹೋಯಿತು. ನನ್ನ ಅಂಚಿಗೆ ತುಟಿಯಿಟ್ಟು ಚೂರು ಹೀರಿದ. "ಈಗ ನನ್ನೆಂಜಲಾಯ್ತಲ್ಲ! ಬಾಯ್ಮುಚ್ಕೊಂಡು ಕುಡಿ."

ಬಾಯಿ ಮುಚ್ಚಿಕೊಂಡು ಕುಡಿಯುವುದು ಹೇಗೋ ನಾನರಿಯೆ. ಅಂತೂ ಅವನು ಕುಡಿದ, ಬದುಕಿದ. ನನಗೋ ಮೈ ಜುಮ್ಮೆಂದಿತ್ತು.

ಯುದ್ಧ ಮುಗಿದು ಊರಿಗೆ ಬಂದೆವು, ನಾನು ಚನ್ನರಾಯಪ್ಪನ ಚೀಲದಲ್ಲಿ. ಮುನಿವೆಂಕಟ ಗೆಳೆಯನನ್ನು ಮಾತಾಡಿಸಲು ಬಂದಾಗ ಚನ್ನರಾಯಪ್ಪನ ತಾಯಿ ಅಂಗಳದಲ್ಲೇ ನಿಲ್ಲಿಸಿ, ಬೊಗಸೆಗೆ ಮೇಲಿಂದ ನೀರು ಹುಯ್ದಳು. ಚನ್ನರಾಯಪ್ಪ ಒಳಗಿಂದ ನನ್ನನ್ನು ತಂದು ನೀರು ತುಂಬಿಸಿದ. ಮೊದಲು ತಾನು ಕಚ್ಚಿ ಕುಡಿದು, ಆಮೇಲೆ ಅವನ ಕೈಗೆ ಕೊಟ್ಟ.

"ಆ ಮಗ್ಗು ಇನ್ಮೇಲೆ ಒಳಕ್ಕೆ ಬರಕೂಡದು!" ತಾಯಿ ಕೂಗಿದಳು.

"ಹಂಗಾದ್ರೆ ನಾನೂ ಆಚೇನೇ ಕುಡೀತೀನಿ ಬಿಡವ್ವ."

ಹೇಳಿದಂತೆಯೇ ನಡೆದ. ನಲವತ್ತು ವರ್ಷ ನಾನು ಜಗಲಿಯ ಮೊಳೆಗೆ ತೂಗಿದೆ, ಅವನು ಜಗಲಿಯಲ್ಲೇ ಕುಡಿದ. ತಾಯಿ ತೀರಿಕೊಂಡ ಮೇಲೂ ಒಳಗೆ ಕುಡಿಯಲಿಲ್ಲ, ಮೊಂಡ. ಮುನಿವೆಂಕಟ ಬಂದ ದಿನ ಮೊದಲು ಚನ್ನರಾಯಪ್ಪ, ಆಮೇಲೆ ಅವನು ನನ್ನಲ್ಲೇ ಕುಡಿದು, ಇಬ್ಬರೂ ಆ ಮರಳಿನ ಚಪಾತಿ ನೆನೆದು ನಗುತ್ತಿದ್ದರು. ಬಾಂಬಿನ ಮಾತು ಎತ್ತುತ್ತಿರಲಿಲ್ಲ.

ಈಗ ನನ್ನ ಬಿಳಿ ಎದ್ದುಹೋಗಿ ತುಕ್ಕು ಕಾಣುತ್ತಿದೆ. ಎಷ್ಟೋ ಜನರ ದಾಹ ತೀರಿಸಿದ್ದೇನೆ. ನನಗೆ ತುಟಿಯಿಟ್ಟವರು ಈ ಇಬ್ಬರೇ. ಚನ್ನರಾಯಪ್ಪ ಹೋದ ಹನ್ನೊಂದನೆಯ ದಿನ ಮುನಿವೆಂಕಟ ಕೋಲೂರಿಕೊಂಡು ಬಂದ. ಜಗಲಿಯ ಮಡಕೆಯಿಂದ ನನಗೆ ನೀರು ತುಂಬಿಸಿಕೊಂಡು ಕೂತ. ಅಭ್ಯಾಸ ನೋಡಿ, ನನ್ನನ್ನು ಮೊದಲು ಪಕ್ಕದ ಖಾಲಿ ಜಾಗದ ಕಡೆಗೆ ಚಾಚಿದ.

ಸ್ವಲ್ಪ ಹೊತ್ತು ಕಾದ. ಆಮೇಲೆ ತಾನೇ ಕಚ್ಚಿ ಕುಡಿದ.