ಎರಡು ಗೊನೆ ಕೆಂಬಾಳೆ

ದೇವೀಂದ್ರಪ್ಪನವರು ಒಂದು ಮಾತನ್ನು ನಂಬಿದರೆಂದರೆ ಮುಗಿಯಿತು, ಆಮೇಲೆ ಅದನ್ನು ಮನೆಮಂದಿಯೆಲ್ಲ ನಂಬಬೇಕು. ಬರಿಗಾಲಲ್ಲಿ ನಡೆದರೆ ಸಕ್ಕರೆ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂದು ಒಮ್ಮೆ ಯಾರೋ ಹೇಳಿದ್ದಕ್ಕೆ, ಹೆಂಡತಿ ಮಗಳಿಬ್ಬರನ್ನೂ ಜೇವರ್ಗಿ ಕಾಲೋನಿಯ ಜಲ್ಲಿಕಲ್ಲಿನ ಮೇಲೆ ವಾರಗಟ್ಟಲೆ ನಡೆಸಿದ್ದರು. ಕಡೆಗೆ ದೇವೀಂದ್ರಪ್ಪನವರ ಕಾಲಿಗೇ ಮುಳ್ಳು ನಟ್ಟು ಆ ನಂಬಿಕೆ ಬಿಟ್ಟುಹೋಯಿತು.

ಈ ಸಲ ಅವರಿಗೆ ನಾಟಿದ್ದು ಒಂದು ಭಾಷಣ. ಅವರು ಸೂಪರಿಂಟೆಂಡೆಂಟ್ ಆಗಿದ್ದ ಸರ್ಕಾರಿ ಕಚೇರಿಗೆ ಯುಗಾದಿಯ ಮಾರನೆಯ ವಾರ ಒಬ್ಬ ಪ್ರೊಫೆಸರಮ್ಮ ಬಂದು ಊಟದ ಬಗ್ಗೆ ಮಾತಾಡಿದರು. ನಾವು ಎತ್ತುವ ಪ್ರತಿ ತುತ್ತಿನ ಹಿಂದೂ ಒಂದಿಷ್ಟು ಹೊಗೆ ಇರುತ್ತದೆ; ಬೆಳೆಯುವಾಗ, ಸಾಗಿಸುವಾಗ, ಬೇಯಿಸುವಾಗ ಎದ್ದ ಹೊಗೆ; ಅದನ್ನು ಇಂಗಾಲದ ಹೆಜ್ಜೆಗುರುತು ಅನ್ನುತ್ತಾರೆ; ಸಾಕಷ್ಟು ತಿನ್ನಿ, ಸುತ್ತಮುತ್ತ ಬೆಳೆದದ್ದನ್ನು ತಿನ್ನಿ, ಯಾವುದನ್ನೂ ಕೊಳೆಸಿ ತಿಪ್ಪೆಗೆ ಹಾಕಬೇಡಿ, ಕೊಳೆತದ್ದು ಬಿಡುವ ಗ್ಯಾಸು ಹೊಗೆಗಿಂತ ಜೋರು ಎಂದರು. ಉಳಿದವರೆಲ್ಲ ಚಪ್ಪಾಳೆ ತಟ್ಟಿ ಮಿರ್ಚಿ ಭಜಿ ತಿನ್ನಲು ಎದ್ದರು. ದೇವೀಂದ್ರಪ್ಪ ಮಾತ್ರ ಕುರ್ಚಿಯಲ್ಲೇ ಉಳಿದು ಯೋಚಿಸಿದರು.

ಅದೇ ಗುಂಗಿನಲ್ಲಿ ಮನೆಗೆ ಬಂದವರು ಸೀದಾ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು.

"ಜಯಾ, ಇವತ್ತಿಂದ ನಮ್ಮನ್ಯಾಗ ಊಟದ ಹೆಜ್ಜಿಗುರುತು ಕಡಿಮಿ ಮಾಡಬೇಕು."

"ಮೊದಲ ನಿಮ್ಮ ಚಪ್ಪಲಿ ಹೆಜ್ಜಿ ಕಡಿಮಿ ಮಾಡ್ರಿ. ಈಗರ ನೆಲ ಒರಸೀನಿ," ಎಂದರು ಜಯದೇವಿ. ಅವರು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮಾತು ಕಡಿಮೆ, ಆಡಿದ್ದು ಗುರಿ ತಪ್ಪುತ್ತಿರಲಿಲ್ಲ.

ದೇವೀಂದ್ರಪ್ಪ ಚಪ್ಪಲಿ ಬಿಟ್ಟು ಬಂದು ಫ್ರಿಜ್ ತೆರೆದರು. ಮಗಳು ಅಂಜನಾ ಜ್ವರ ಬಂದು ಎದ್ದವಳೆಂದು ತಂದಿಟ್ಟ ಕಿವಿ ಹಣ್ಣುಗಳು ಒಳಗಿದ್ದವು. ಒಂದನ್ನು ಎತ್ತಿ ಹಿಡಿದು, "ಇದು ಸಮುದ್ರ ದಾಟಿ ಬಂದದ. ಇನ್ನಮ್ಯಾಲ ಈ ಮನ್ಯಾಗ ಯಾರೂ ಕಿವಿ ತಿನ್ನಂಗಿಲ್ಲ," ಎಂದು ಸಾರಿದರು.

"ನೀವು ನಮ್ಮ ತಲಿ ತಿನ್ನೋದು ಬಿಟ್ರ, ಅಕಿನೂ ಕಿವಿ ತಿನ್ನೋದು ಬಿಡ್ತಾಳ," ಎಂದರು ಜಯದೇವಿ.

ಕಿವಿ ಹೋಯಿತು. ಸೇಬು ಹೋಯಿತು. ಮರುದಿನ ಚಹಾಪುಡಿಯೂ ಹೋಗಿ ಶುಂಠಿ ಬೆಲ್ಲದ ಕಷಾಯ ಬಂತು. ಅದು ಬಹಳ ದಿನ ಬಾಳಲಿಲ್ಲ. ತಲೆ ಹಿಡಿದುಕೊಂಡು ಕೂತ ದೇವೀಂದ್ರಪ್ಪನವರೇ ಒಂದು ಬೆಳಿಗ್ಗೆ, "ಚಹಾಪುಡಿ ಬಾಳ ಹಗೂರ ಇರ್ತದ. ಲಾರಿಗಿ ಅದರ ಭಾರನಽ ಗೊತ್ತಾಗಂಗಿಲ್ಲ," ಎಂದು ತೀರ್ಪು ಕೊಟ್ಟರು. ಜಯದೇವಿ ಒಲೆಯ ಮೇಲೆ ಹಾಲಿಟ್ಟರು. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ ಹೇಗೂ ಇಲ್ಲಿಯವೇ. ಅವುಗಳ ತಂಟೆಗೆ ಹೋಗುವ ಪ್ರಮೇಯವೇ ಬರಲಿಲ್ಲ. ಉಳಿದದ್ದು ಹಣ್ಣಿನ ಪ್ರಶ್ನೆ. ಅದಕ್ಕೆ ಉತ್ತರ ಕಮಲಾಪುರದಲ್ಲಿದೆ ಎಂದು ಅವರಿಗೆ ಸ್ನಾನ ಮಾಡುವಾಗ ಹೊಳೆಯಿತು. ಕಮಲಾಪುರದ ಕೆಂಬಾಳೆ! ಮನೆಯ ಬುಡದಲ್ಲೇ ಇಂಥ ಹಣ್ಣು ಇರುವಾಗ ಸಮುದ್ರದಾಚೆಯ ಹಂಗೇಕೆ?

ಪಕ್ಕದ ಮನೆಯ ಚಾಂದಪಾಶಾ ಟೈರ್ ಅಂಗಡಿ ಇಟ್ಟವರು. ದೇವೀಂದ್ರಪ್ಪನವರ ಹಳೆಯ ಗೆಳೆಯರು, ಕಾರುಳ್ಳವರು, ಎಲ್ಲಿಗೆ ಕರೆದರೂ ಹೊರಡುವವರು. ಭಾನುವಾರ ಇಬ್ಬರೂ ಕಿಟಕಿ ಏರಿಸಿ, ಎಸಿ ಹಾಕಿ, ಹುಮನಾಬಾದ ರಸ್ತೆ ಹಿಡಿದರು.

ಕಮಲಾಪುರದ ಶಿವಲಿಂಗ ಚಾಂದಪಾಶಾರ ಬಳಿ ಟ್ರ್ಯಾಕ್ಟರಿಗೆ ಟೈರ್ ಹಾಕಿಸುತ್ತಿದ್ದ ರೈತ. ಬಂದವರಿಗೆ ಮಜ್ಜಿಗೆ ಕೊಟ್ಟು ತೋಟ ತೋರಿಸಿದ. ಕೆಂಪು ಮಣ್ಣಿನಲ್ಲಿ ಅಷ್ಟೆತ್ತರಕ್ಕೆ ನಿಂತ ಗಿಡಗಳು, ಕುಂಕುಮಕ್ಕೆ ಕಾಡಿಗೆ ಕಲಸಿದಂಥ ಬಣ್ಣದ ಗೊನೆಗಳು. ದೇವೀಂದ್ರಪ್ಪನವರಿಗೆ ಕೈಮುಗಿಯಬೇಕೆನ್ನಿಸಿತು.

"ಒಂದು ಡಜನ್ ಒಯ್ರಿ ಸಾಹೇಬ್ರ," ಎಂದ ಶಿವಲಿಂಗ.

"ಡಜನ್ ಸಲುವಾಗಿ ಇಷ್ಟು ದೂರ ಕಾರು ಓಡಿಸಿದ್ರ ಹೊಗಿ ಲೆಕ್ಕ ಕೂಡಂಗಿಲ್ಲ. ಎರಡು ಗೊನಿ ಕೊಡ್ರಿ. ದಿನಾ ಒಂದೀಟು ತಿಂತೀವಿ."

ಶಿವಲಿಂಗ ಚಾಂದಪಾಶಾರ ಮುಖ ನೋಡಿದ. ಅವರು ಆಕಾಶ ನೋಡಿದರು.

"ಗೊನಿ ಹಂಗ ನಮ್ಮ ಮಾತು ಕೇಳಂಗಿಲ್ರಿ. ಹಣ್ಣಾಗ್ಲಾಕ ಹತ್ತಿದ್ರ ಎಲ್ಲಾ ಕೂಡೇ ಹಣ್ಣಾಗ್ತಾವ."

"ನಾನು ನೋಡ್ಕೋತೀನಿ," ಎಂದರು ದೇವೀಂದ್ರಪ್ಪ, ಕಚೇರಿಯಲ್ಲಿ ಕಡತ ತೆಗೆದುಕೊಳ್ಳುವ ದನಿಯಲ್ಲಿ.

ಒಂದು ಗೊನೆ ಡಿಕ್ಕಿಯಲ್ಲಿ ಮಲಗಿತು. ಇನ್ನೊಂದು ಹಿಂದಿನ ಸೀಟಿನಲ್ಲಿ ಬೀಗರ ಹಾಗೆ ಠೀವಿಯಿಂದ ಕೂತಿತು. ಮರಳುವಾಗ ಚಾಂದಪಾಶಾ ಹೆಂಡತಿ ಹೇಳಿದ್ದ ಮಸಾಲೆ ಕೊಳ್ಳಲು ಸೂಪರ್ ಮಾರ್ಕೆಟ್ ಪೇಟೆಗೆ ಕಾರು ತಿರುಗಿಸಿದರು. ಆಟೋಗಳ ನಡುವೆ ಸಿಕ್ಕಿ ನಿಂತಾಗ ದೇವೀಂದ್ರಪ್ಪನವರ ಕಿಟಕಿಯ ಪಕ್ಕಕ್ಕೇ ಒಂದು ತಳ್ಳುಗಾಡಿ. ಅದರ ತುಂಬ ಕೆಂಬಾಳೆ.

"ಎಲ್ಲಿದವ್ವಾ ಇವು?" ಅವರು ಕಿಟಕಿ ಇಳಿಸಿ ಕೇಳಿದರು.

"ಕಮಲಾಪುರದವೇ ಅಣ್ಣಾ. ಮುಂಜಾನಿ ಟೆಂಪೋದಾಗ ಎಲ್ಲರ ಮಾಲಿನ ಸಂಗಟ ಬಂದಾವ," ಎಂದಳು ಗಾಡಿಯ ರೋಷನಬಿ. "ಕೊಡ್ಲೇನು?" ಅಷ್ಟರಲ್ಲಿ ಅವಳಿಗೆ ಹಿಂದಿನ ಸೀಟಿನ ಬೀಗರು ಕಂಡರು. ಸೆರಗು ಬಾಯಿಗಿಟ್ಟುಕೊಂಡಳು.

ದೇವೀಂದ್ರಪ್ಪ ಕಿಟಕಿ ಏರಿಸಿದರು. ಟೆಂಪೋದಲ್ಲಿ ಹತ್ತೂರಿನವರ ಹಣ್ಣು ಒಟ್ಟಿಗೆ ಬಂದಿತ್ತು. ತಾವು ಎರಡೇ ಗೊನೆಗೆ ಒಂದು ಕಾರನ್ನು ಹೋಗಿ ಬರುವಂತೆ ಮಾಡಿದ್ದರು. ಈ ಲೆಕ್ಕ ಬಿಡಿಸಲು ಗಣಿತದ ಟೀಚರು ಬೇಕಿರಲಿಲ್ಲ.

"ಪಾಶಾ ಭಾಯಿ, ಇದು ಮನ್ಯಾಗ ಗೊತ್ತಾಗಬಾರದು."

"ತೋಬಾ ತೋಬಾ, ನಾ ಯಾರಿಗಿ ಹೇಳ್ಲಿ?" ಎಂದ ಚಾಂದಪಾಶಾ ಮನೆ ಮುಟ್ಟಿದ ಕೂಡಲೇ ಹೆಂಡತಿ ಮೆಹಬೂಬಿಗೆ ಹೇಳಿದರು. ಮೆಹಬೂಬಿ ಕಾಂಪೌಂಡಿನ ಮೇಲಿಂದಲೇ ಜಯದೇವಿಗೆ ದಾಟಿಸಿದರು.

ಗೊನೆಗಳನ್ನು ಸಾಮಾನಿನ ಕೋಣೆಯಲ್ಲಿ ತೂಗುಹಾಕಿ, ಬಿಸಿಲು ತಾಗದಿರಲೆಂದು ದೇವೀಂದ್ರಪ್ಪ ಗೋಣಿಚೀಲ ಹೊದಿಸಿ ಬಾಗಿಲು ಮುಚ್ಚಿದರು. ಕಲಬುರಗಿಯ ಏಪ್ರಿಲ್ ಬೇರೆ. ಕಾಯಿಗಳಿಗೆ ಇನ್ನೇನು ಬೇಕು? ಮೊದಮೊದಲು ಮುನಿಸಿಕೊಂಡವರಂತೆ ಗಟ್ಟಿಯಾಗಿದ್ದ ಅವು ಒಂದು ಬೆಳಿಗ್ಗೆ ಮನೆಯೆಲ್ಲ ಘಮಘಮ ಎನಿಸಿದವು. ಬಾಗಿಲು ತೆರೆದರೆ ಎರಡೂ ಗೊನೆ, ಮೇಲಿನಿಂದ ಕೆಳಗಿನವರೆಗೆ, ಒಂದೇ ಮನಸ್ಸಿನಿಂದ ಹಣ್ಣಾಗಿದ್ದವು.

ಆ ದಿನ ತಿಂಡಿಗೂ ಬಾಳೆಹಣ್ಣು, ಊಟಕ್ಕೂ ಬಾಳೆಹಣ್ಣು. ರುಚಿಯೇನೋ ದೇವರಿಗೆ ಸಲ್ಲುವಂಥದ್ದು. ಆದರೆ ದೇವರೂ ಎಷ್ಟು ತಿಂದಾನು? ದೇವೀಂದ್ರಪ್ಪ ಚೀಲ ತುಂಬಿಕೊಂಡು ಕಚೇರಿಗೆ ಹೋದರು. ಮೊದಲ ದಿನ ಎಲ್ಲರೂ ಸುಲಿದು ತಿಂದು ಹೊಗಳಿದರು. ಎರಡನೆಯ ದಿನ ನಕ್ಕು ತೆಗೆದುಕೊಂಡು ಡ್ರಾಯರಿನಲ್ಲಿಟ್ಟರು. ಆಮೇಲೆ ಚೀಲ ಕಂಡರೆ ಸಾಕು, ಇಡೀ ವಿಭಾಗಕ್ಕೆ ಫೋನು ಬರತೊಡಗಿತು. ಗುಮಾಸ್ತ ಯಶವಂತ ಮೇಜಿನಡಿ ಪೆನ್ನು ಹುಡುಕಲು ಇಳಿದವನು ಅವರು ಹೋಗುವತನಕ ಮೇಲೆ ಬರಲಿಲ್ಲ. ಕಾಲೋನಿಯಲ್ಲಿ ಅವರ ಚಪ್ಪಲಿ ಸಪ್ಪಳಕ್ಕೆ ಬಾಗಿಲುಗಳು ಮುಚ್ಚಿಕೊಂಡವು. ಕಡೆಗೆ ಬೀದಿಯ ಆಕಳಿಗೆ ಕೊಡಲು ಹೋದರು. ಬೇರೆ ಮನೆಗಳಲ್ಲೆಲ್ಲ ಆಗಲೇ ಇದೇ ಹಣ್ಣು ಉಂಡು ಬಂದಿದ್ದ ಆಕಳು ಮೂಸಿ ನೋಡಿ ಮುಖ ತಿರುವಿತು.

"ಒತ್ತಾಯ ಮಾಡಬ್ಯಾಡ್ರಿ ಪಪ್ಪಾ," ಎಂದಳು ಗೇಟಿನಲ್ಲಿ ನಿಂತ ಅಂಜನಾ. "ಆಕಳ ತೇಗಿದ್ರೂ ಅದೇ ಗ್ಯಾಸ್ ಬರ್ತದಂತ. ಹೆಜ್ಜಿಗುರುತು ದೊಡ್ಡದಾಗ್ತದ."

ಎಸೆಯುವಂತಿಲ್ಲ, ಕೊಡುವವರಿಲ್ಲ, ಹೊಟ್ಟೆಯಲ್ಲಿ ಜಾಗವಿಲ್ಲ. ದೇವೀಂದ್ರಪ್ಪ ಸಾಮಾನಿನ ಕೋಣೆಯ ಹೊಸ್ತಿಲ ಮೇಲೆ ಕೂತರು. ಇನ್ನೂ ಒಂದು ಗೊನೆಯಷ್ಟು ಹಣ್ಣು ಉಳಿದಿತ್ತು. ಅವರಿಗೆ ನಿಜಕ್ಕೂ ಬೇಸರವಾಗಿತ್ತು. ಒಳ್ಳೆಯದನ್ನೇ ಮಾಡಹೊರಟು ಹೀಗೇಕಾಯಿತು? ಶಿವಲಿಂಗ ವರ್ಷವಿಡೀ ನೀರು ಹಾಯಿಸಿ ಬೆಳೆಸಿದ್ದನ್ನು ತಾವು ತಮ್ಮ ಜಂಬಕ್ಕೆ ಕೊಳೆಸುವುದೇ? ಜಯದೇವಿ ಬಂದು ಪಕ್ಕದಲ್ಲಿ ನಿಂತರು.

"ಜಯಾ, ತಪ್ಪಾತು. ನನಗ ತಿಳೀವಲ್ದು. ಏನಾರ ಹಾದಿ ಹೇಳು."

ಮದುವೆಯಾದಾಗಿನಿಂದ ಜಯದೇವಿ ಅವರ ಬಾಯಲ್ಲಿ ಈ ಮಾತನ್ನು ಕೇಳಿರಲಿಲ್ಲ. ನಂಬಿದ್ದನ್ನು ಹೀಗೆ ಪ್ರಾಣ ಕೊಟ್ಟು ನಂಬುವ ಗಂಡನ ಮೇಲೆ ಅವರಿಗೆ ಕನಿಕರ ಬಂತು. ನಗುವೂ ಬಂತು.

"ಏಳ್ರಿ. ನಾಳೆ ಮೆಹಬೂಬಿ ಭಾಬಿ ಅವರ ಮಾಳಗಿ ಮ್ಯಾಲ ಶಂಡಗಿ ಹಾಕ್ಲಾಕತ್ತಾರ. ಅದರ ಬಾಜೂಕ ಇವನ್ನೂ ಹೆಚ್ಚಿ ಒಣಗಿಸೋಣು. ನಮ್ಮೂರಾಗ ಬಿಸಿಲಿಗೇನು ಬರಾ?"

ಬೆಳಿಗ್ಗೆ ಬಿಸಿಲೇರುವ ಮೊದಲೇ ಚಾಂದಪಾಶಾರ ಮಾಳಿಗೆಯಲ್ಲಿ ಅಕ್ಕಪಕ್ಕದ ಹೆಂಗಸರು ಸೇರಿದರು. ಗಟ್ಟಿ ಹಣ್ಣುಗಳನ್ನು ಉದ್ದಕ್ಕೆ ಸೀಳಿ ಹಳೆಯ ಸೀರೆಯ ಮೇಲೆ ಹರವಿದರು, ನೊಣ ಕೂಡದಂತೆ ಮೇಲೆ ತೆಳ್ಳನೆಯ ಧೋತರ ಹೊದಿಸಿದರು. ತೀರ ಮೆತ್ತಗಾದವನ್ನು ಜಯದೇವಿ ಬೆಲ್ಲ ಗೋಧಿಹಿಟ್ಟು ಸೇರಿಸಿ ಗಾರಿಗೆಗೆ ಕಲಸಿದರು. ಮೆಹಬೂಬಿ ಹಾಲು ಹೊಯ್ದು ಮಾಲ್ಪುವಾಕ್ಕೆ ಕದಡಿದರು.

"ಎಣ್ಣ್ಯಾಗ ಕರದ್ರ ಗ್ಯಾಸ್ ಬಾಳ..." ಎಂದು ಶುರುಮಾಡಿದರು ದೇವೀಂದ್ರಪ್ಪ. ಹೆಂಗಸರೆಲ್ಲ ಕೈಕೆಲಸ ನಿಲ್ಲಿಸಿ ಅವರತ್ತ ತಿರುಗಿದರು. "...ಬಾಳ ಚಲೋ ಆಗ್ತದ," ಎಂದು ಅವರು ಮುಗಿಸಿದರು.

ಅವರಿಗೆ ಸಿಕ್ಕಿದ್ದು ಕಾಗೆ ಕಾಯುವ ಕೆಲಸ. ತಲೆಗೆ ಒದ್ದೆ ಟವೆಲು, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಕೋಲು. ಕಚೇರಿಗೆ ರಜೆ ಹಾಕಿ ಕೂತ ಗೆಳೆಯನಿಗೆ ಚಾಂದಪಾಶಾ ಆಗಾಗ ಮಣ್ಣಿನ ಮಡಕೆಯ ನೀರು ತಂದುಕೊಟ್ಟು, "ಸೂಪರಿಂಟೆಂಡೆಂಟ್ ಸಾಬ್, ಕಾಗಿ ಅರ್ಜಿ ಹಾಕ್ಯಾವೇನು?" ಎಂದು ಕೇಳಿ ಹೋಗುತ್ತಿದ್ದರು. ಕಾಗೆಗಳು ಅರ್ಜಿ ಹಾಕದೆಯೇ ಬರುತ್ತಿದ್ದವು.

ಮೂರು ಬಿಸಿಲಿಗೆ ಹಣ್ಣು ಕಂದುಬಣ್ಣಕ್ಕೆ ತಿರುಗಿ ಬಾಗಿತು. ಹಲ್ಲಿಗೆ ಹತ್ತಿಕೊಳ್ಳುವ ಜಿಗುಟು, ಜೇನಿನಂಥ ಸಿಹಿ. ಒಂದು ತುಂಡು ಬಾಯಿಗಿಟ್ಟ ದೇವೀಂದ್ರಪ್ಪ ಕಣ್ಣು ಮುಚ್ಚಿದರು. ತೆರೆಯುವಷ್ಟರಲ್ಲಿ ಹೆಂಗಸರು ಸೀರೆ ಮಡಿಚಿ ಪಾಲು ಮಾಡಿಕೊಂಡಾಗಿತ್ತು. ಅವರ ಮನೆಗೆ ಬಂದದ್ದು ಸಣ್ಣದೊಂದು ಡಬ್ಬಿ. ಅದರಲ್ಲಿ ನಾಲ್ಕು ಚೂರು ಕಚೇರಿಗೆ ಹೋದವು. ಮೇಜಿನಡಿಯ ಯಶವಂತ ಒಂದು ತಿಂದು, "ಸರ್, ಇನ್ನೀಟು ಅದಾವೇನ್ರಿ?" ಎಂದ. ಇಲ್ಲ ಎನ್ನುವಾಗ ದೇವೀಂದ್ರಪ್ಪನವರಿಗೆ ಆದ ಸಂತೋಷ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಅದೇ ಸಂಜೆ ಶಿವಲಿಂಗನ ಫೋನು ಬಂತು. "ಹಣ್ಣು ಹೆಂಗಿದ್ದುವ್ರಿ ಸಾಹೇಬ್ರ? ಇನ್ನೊಂದು ಗೊನಿ ಕಡೀಲ್ಯಾ?"

ದೇವೀಂದ್ರಪ್ಪ ಫೋನಿನ ಬಾಯಿ ಮುಚ್ಚಿ ಹೆಂಡತಿಯ ಮುಖ ನೋಡಿದರು. ಜಯದೇವಿ ಕೈಚಾಚಿ ಫೋನು ಇಸಿದುಕೊಂಡರು.

"ಎರಡು ಕಡೀರಿ ಶಿವಲಿಂಗಣ್ಣಾ. ಕಾಲೋನಿಯವರೆಲ್ಲ ಕೂಡಿ ಒಣಗಸ್ತೀವಿ. ಮುಂಜಾನಿ ಟೆಂಪೋದಾಗ ಹಾಕಿ ಕಳಸ್ರಿ. ಇವರು ಬರ್ತೀನಂದ್ರ ಮಾತ್ರ, ತೋಟಕ್ಕ ಕೀಲಿ ಹಾಕ್ಯಾರ ಅಂತ ಹೇಳ್ರಿ."