ರೀನಾ ಸಾವೆಲ್ಯೇವ್ನಾಳ ಇನ್ನೊಂದು ಹೆಸರು

"ಈ ಹೆಸರಲ್ಲಿ ಅಂತ್ಯಪ್ರಾರ್ಥನೆ ಹಾಡೋಕಾಗಲ್ಲಮ್ಮ," ಎಂದು ಫಾದರ್ ಗ್ಲೆಬ್ ಚೀಟಿಯನ್ನು ಮೇಣದಬತ್ತಿ ಮಾರುವ ಮೇಜಿನ ಮೇಲೆ ಹಿಂದಕ್ಕೆ ತಳ್ಳಿದರು.

ಒಕ್ತ್ಯಾಬ್ರಿನಾ. ಅಲೀನಾ ತಾನೇ ಬರೆದದ್ದನ್ನು ಮತ್ತೊಮ್ಮೆ ಓದಿಕೊಂಡಳು. ಅವಳ ಬೆನ್ನ ಹಿಂದೆ, ಚರ್ಚಿನ ನಟ್ಟನಡುವೆ, ಎರಡು ಸ್ಟೂಲುಗಳ ಮೇಲೆ ತಾಯಿಯ ಶವಪೆಟ್ಟಿಗೆ ಇತ್ತು. ಸುತ್ತ ನಲವತ್ತು ಜನ ಕೋಟು ಬಿಚ್ಚದೆ ನಿಂತಿದ್ದರು. ಒಳಗೂ ಉಸಿರು ಹೊಗೆಯಾಗುವಷ್ಟು ಚಳಿ.

"ಪಾಸ್‌ಪೋರ್ಟಲ್ಲಿ ಅದೇ ಇದೆ, ಫಾದರ್."

"ಇರಬಹುದು. ಅದು ಅಕ್ಟೋಬರ್ ಕ್ರಾಂತಿಯ ಹೆಸರು. ಆ ಹೆಸರಿನ ಸಂತರಿಲ್ಲ. ದೀಕ್ಷಾಸ್ನಾನದಲ್ಲಿ ಏನಂತ ಇಟ್ಟಿದ್ರು?"

"ಊರೆಲ್ಲ ರೀನಾ ಅಂತಿತ್ತು. ಇರೀನಾ ಅಂತ ಬರೀಲಾ?"

"ಊಹೆ ಮಾಡಿ ಬರೆದ್ರೆ ಇನ್ಯಾವಳಿಗೋ ಹಾಡಿದ ಹಾಗಾಗುತ್ತೆ." ಫಾದರ್ ದನಿ ತಗ್ಗಿಸಿದರು. "ದೀಕ್ಷೆ ಆಗಿತ್ತು ಅನ್ನೋದಾದ್ರೂ ಗೊತ್ತಾ? ಆಗದೇ ಇದ್ದವರಿಗೆ ಈ ವಿಧಿ ಇಲ್ಲ ಕಣಮ್ಮ."

ಗೊತ್ತಿರಲಿಲ್ಲ. ಎಂಬತ್ತೊಂದು ವರ್ಷದ ತಾಯಿ ಸಾಯುವ ನಾಲ್ಕು ದಿನ ಮೊದಲು, "ಚರ್ಚಲ್ಲಿ ಹಾಡಿಸಿ ಕಳಿಸು, ಮಗಳೇ," ಎಂದಿದ್ದಳು. ಅಲೀನಾ ಅವಳ ಬಾಯಲ್ಲಿ ಚರ್ಚಿನ ಮಾತು ಕೇಳಿದ್ದು ಅದೇ ಮೊದಲು. ಹೇಗೆ, ಏನು ಎಂದು ಕೇಳುವಷ್ಟರಲ್ಲಿ, "ಕಪಾಗೆ ಎಲ್ಲ ಗೊತ್ತು," ಎಂದವಳು ಪ್ರಜ್ಞೆ ತಪ್ಪಿದ್ದಳು, ಮತ್ತೆ ಮಾತಾಡಲಿಲ್ಲ. ಕಪಾ, ಅಂದರೆ ಕಪಿತೋಲಿನಾ, ತಾಯಿಯ ದೊಡ್ಡಪ್ಪನ ಮಗಳು. ವಯಸ್ಸು ಎಂಬತ್ತೆಂಟು. ಫೋನಿನಲ್ಲಿ ಏನೂ ಕೇಳಿಸದು. ಅರವತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಅವಳನ್ನು ಕರೆತರಲು ಪಕ್ಕದ ಮನೆಯ ಕುಜ್ಮಾ ಬೆಳಿಗ್ಗೆಯೇ ತನ್ನ ವ್ಯಾನು ತೆಗೆದುಕೊಂಡು ಹೋಗಿದ್ದ.

"ಒಂದು ಗಂಟೆವರೆಗೆ ಕಾಯ್ತೀನಿ. ಗುಂಡಿ ತೋಡಿದವರೂ ಅಷ್ಟೇ ಹೊತ್ತು ನಿಲ್ಲೋದು," ಎಂದರು ಫಾದರ್.

ಆಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು.

ಜನ ಪಿಸುಗುಟ್ಟಲು ಶುರುಮಾಡಿದರು. ರೀನಾ ಸಾವೆಲ್ಯೇವ್ನಾ ಮೂವತ್ತಮೂರು ವರ್ಷ ಊರಿನ ಜನನ-ಮರಣ ನೋಂದಣಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು. ಅಲ್ಲಿ ನಿಂತಿದ್ದ ಅರ್ಧ ಜನರ ಹೆಸರು ಮೊದಲು ಕಾಗದಕ್ಕೆ ಇಳಿದದ್ದು ಅವಳ ಕೈಯಿಂದಲೇ.

"ನಮ್ಮ ಯಜಮಾನ್ರು ಹುಟ್ಟಿದ್ದು ಮನುಷ್ಯ ಬಾಹ್ಯಾಕಾಶಕ್ಕೆ ಹೋದ ವರ್ಷ," ಎಂದಳು ಕುಜ್ಮಾನ ಹೆಂಡತಿ ತಮಾರಾ. "ಅವರಪ್ಪ ಕೋಸ್ಮೋಸ್ ಅಂತ ಇಡ್ತೀನಿ ಅಂತ ಕುಣ್ಕೊಂಡು ಹೋಗಿದ್ರಂತೆ. ರೀನಾ ಸಾವೆಲ್ಯೇವ್ನಾ, 'ಅಂಗಳದಲ್ಲಿ ಹುಡುಗರು ಏನಂತ ಕೂಗ್ತಾರೆ, ಮೊದಲು ಅದನ್ನ ಯೋಚ್ನೆ ಮಾಡಿ' ಅಂದ್ರಂತೆ. ಕುಜ್ಮಾ ಅಂತ ಬರೆಸ್ಕೊಂಡು ವಾಪಸ್ ಬಂದ್ರು."

"ಕುಡಿದಾಗ ಈಗ್ಲೂ ಬಾಹ್ಯಾಕಾಶದಲ್ಲೇ ಇರ್ತಾನಲ್ಲ," ಎಂದ ಒಬ್ಬ ಮುದುಕ.

ಒಂದಿಬ್ಬರು ನಕ್ಕು, ತಪ್ಪಾಯಿತೆಂಬಂತೆ ಶಿಲುಬೆಯ ಗುರುತು ಹಾಕಿಕೊಂಡರು.

"ಊರಿಗೆಲ್ಲ ಬುದ್ಧಿ ಹೇಳಿದವರು, ತಮ್ಮ ಮಗಳಿಗೆ ಮಾತ್ರ ಎಂಥ ಹೆಸರು..." ತಮಾರಾ ತಲೆಯೆತ್ತಿದಳು. ಅಲೀನಾ ಎದುರಿಗೇ ಇದ್ದಳು.

* * *

ಅಲೀನಾಳಿಗೆ ತಾಯಿ ಇಟ್ಟ ಹೆಸರು ಅನ್ಫೀಸಾ. ಹೂ ಬಿಟ್ಟವಳು ಎಂದು ಅರ್ಥ. ಆದರೆ ಶಾಲೆಯಲ್ಲಿ ಅರ್ಥ ಯಾರಿಗೆ ಬೇಕಿತ್ತು? ಹಳ್ಳಿಯ ಹಲ್ಲಿಲ್ಲದ ಅಜ್ಜಿಯರಿಗೆ, ಬಿಟ್ಟರೆ ಬೆಕ್ಕುಗಳಿಗೆ ಇದ್ದ ಹೆಸರು ಅದು. ಹುಡುಗರು "ಫೀಸ್ಕಾ, ಬಾ, ಹಾಲು ಕುಡಿ" ಎಂದು ಕಾಡುತ್ತಿದ್ದರು. ತಾಯಿಗೆ ಮಾತ್ರ ಆ ಹೆಸರನ್ನು ಎಷ್ಟು ಕೂಗಿದರೂ ಸಾಲದು. ಪಕ್ಕದಲ್ಲೇ ಕೂತಿದ್ದರೂ "ಫೀಸಾ", ಊಟಕ್ಕೆ "ಫೀಸುಷ್ಕಾ", ಸಂಜೆ ನಾಲ್ಕನೇ ಮಹಡಿಯಿಂದ ಇಡೀ ಅಂಗಳಕ್ಕೆ ಕೇಳುವಂತೆ, ಬೇಕಾದ್ದಕ್ಕಿಂತ ಉದ್ದವಾಗಿ, "ಅನ್ಫೀ...ಸಾ!" ಮಗಳು ನಾಚಿಕೆಯಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

೧೯೭೯ರಲ್ಲಿ ಹದಿನೆಂಟು ತುಂಬಿದ ಮರುದಿನ ಹೆಸರು ಬದಲಿಸುವ ಅರ್ಜಿ ಹಿಡಿದು ತಾಯಿಯ ಕಚೇರಿಗೇ ಹೋದಳು. ಊರಿನಲ್ಲಿ ಬೇರೆ ಕಚೇರಿ ಇರಲಿಲ್ಲ.

ತಾಯಿ ಅರ್ಜಿಯನ್ನು ಕೊನೆಯವರೆಗೂ ಓದಿದಳು. "ಕಾರಣ?" ಎಂದು ಎಲ್ಲರನ್ನೂ ಕೇಳುವಂತೆಯೇ ಕೇಳಿದಳು.

"ನಿಂಗೆ ಗೊತ್ತಿಲ್ವಾ? ಎಲ್ರೂ ನಗ್ತಾರೆ. ಮುದುಕೀರ ಹೆಸರು ಅದು. ಆ ಹೆಸರು ಕೇಳಿದ್ರೇ ವಾಕರಿಕೆ ಬರುತ್ತೆ ನಂಗೆ."

ತಾಯಿ ಕಾರಣದ ಜಾಗದಲ್ಲಿ "ಕಿವಿಗೆ ಇಂಪಾಗಿಲ್ಲ" ಎಂದು ಬರೆದು ಮೊಹರು ಒತ್ತಿದಳು. ಸಂಜೆ ಎಂದಿನಂತೆ ಎಲೆಕೋಸಿನ ಸೂಪು ಬಡಿಸಿದಳು. ಜಗಳವಾಡಲಿಲ್ಲ. ಅಂದಿನಿಂದ ನಲವತ್ತು ವರ್ಷ "ಮಗಳೇ" ಎಂದೇ ಕರೆದಳು. ಅಲೀನಾ ಎಂದು ಒಮ್ಮೆಯೂ ಅನ್ನಲಿಲ್ಲ.

* * *

ಹನ್ನೆರಡೂ ಮುಕ್ಕಾಲಿಗೆ ಕುಜ್ಮಾ ಮುದುಕಿಯನ್ನು ತೋಳು ಹಿಡಿದು ಒಳಗೆ ಕರೆತಂದ. ಕಪಾ ಯಾರ ಕಡೆಗೂ ನೋಡದೆ ನೇರ ಪೆಟ್ಟಿಗೆಯ ಬಳಿ ಹೋಗಿ ತಂಗಿಯ ಹಣೆಗೆ ಮುತ್ತಿಟ್ಟಳು.

"ನನ್ನ ಬಿಟ್ಟು ಮುಂದೆ ಹೋದ್ಯಲ್ಲೇ, ಕಳ್ಳಿ," ಎಂದಳು.

ಅಲೀನಾ ಅವಳ ಕಿವಿಗೆ ಬಾಯಿಟ್ಟು ಕೂಗಿದಳು: "ದೊಡ್ಡಮ್ಮಾ! ಅಮ್ಮನಿಗೆ ದೀಕ್ಷೆ ಆಗಿತ್ತಾ?"

"ಆಗ್ದೇ ಏನು? ನಾನೇ ಬಾಗಿಲು ಕಾದಿದ್ದೆ. ಏಳು ವರ್ಷ ನಂಗೆ." ಕಿವುಡರ ದೊಡ್ಡ ದನಿ ಗೋಡೆಗೆ ಬಡಿಯಿತು. "ಇವರಪ್ಪ ಸಾವೆಲಿ ಸರ್ಕಾರದ ಸಾಮೂಹಿಕ ಬೇಸಾಯ ಸಂಘದ ಅಧ್ಯಕ್ಷ, ದೇವರು ಅಂದ್ರೆ ಮೈಯೆಲ್ಲ ಉರಿ. ಅವನು ಪಟ್ಟಣಕ್ಕೆ ಹೋದ ದಿನ ನೋಡಿ ಅಜ್ಜಿ ಹಿಟ್ಟು ನಾದೋ ತೊಟ್ಟಿಗೆ ನೀರು ತುಂಬಿಸಿದ್ಲು."

"ಮೂರು ಸಲ ಮುಳುಗಿಸಿದ್ರಾ? ತಂದೆ, ಮಗ, ಪವಿತ್ರಾತ್ಮ ಅಂತ ಹೇಳಿದ್ರಾ?" ಎಂದು ಫಾದರ್ ಅಷ್ಟೇ ಜೋರಾಗಿ ಕೇಳಿದರು.

"ಅಜ್ಜಿ ಎಲ್ಲ ಹೇಳಿದ್ಲು. ಮೂರೂ ಸಲ ಕಿರುಚಿಕೊಳ್ತು ಕೂಸು. ಊರಿಗೆಲ್ಲ ಕೇಳುತ್ತೆ ಅಂತ ನನ್ನ ಜೀವ ಬಾಯಿಗೆ ಬಂದಿತ್ತು."

"ಹೆಸರು?"

"ಅಜ್ಜಿಯ ಅಮ್ಮನ ಹೆಸರೇ. ಅನ್ಫೀಸಾ."

ಅಲೀನಾ ಪೆಟ್ಟಿಗೆಯಲ್ಲಿದ್ದ ತಾಯಿಯ ಕಡೆ ತಿರುಗಿದಳು.

"ಬಾಯಿ ಬಿಟ್ಟು ಕರೆಯೋ ಹಾಗಿರ್ಲಿಲ್ವಲ್ಲ," ಕಪಾ ಮುಂದುವರಿಸಿದಳು. "ಅಜ್ಜಿ ಒಬ್ಬಳೇ ರಾತ್ರಿ ಮಲಗಿಸುವಾಗ ಕಿವಿಯಲ್ಲಿ 'ಫೀಸಾ, ಫೀಸುಷ್ಕಾ' ಅನ್ನೋಳು. ಅಜ್ಜಿ ಸತ್ತಮೇಲೆ ಅದೂ ಇಲ್ಲ. ನೀನು ಹುಟ್ಟಿದಾಗ ನಿಮ್ಮಮ್ಮ ನಂಗೆ ಕಾಗದ ಬರೆದಿದ್ಲು. 'ಕಪಾ, ಇನ್ಮೇಲೆ ಅದನ್ನ ನಮ್ಮನೇಲಿ ದಿನಾ ಗಟ್ಟಿಯಾಗಿ ಕೂಗ್ತೀನಿ, ಯಾರಪ್ಪನ ಹೆದರಿಕೆಯೂ ಇಲ್ಲ' ಅಂತ."

"ನಂಗೆ ಯಾಕೆ ಹೇಳ್ಲಿಲ್ಲ?"

ಮುದುಕಿಗೆ ಅದು ಕೇಳಿಸಲಿಲ್ಲ. ಅಲೀನಾ ಮತ್ತೆ ಕೇಳಲಿಲ್ಲ.

ಹಾಡು ಶುರುವಾಯಿತು. "ಹೊಸದಾಗಿ ಅಗಲಿದ ದೇವರ ದಾಸಿ ಅನ್ಫೀಸಾ" ಎಂದು ಫಾದರ್ ಹಾಡಿದಾಗ ದೂರದಲ್ಲಿದ್ದವರು ಮುಖ ಮುಖ ನೋಡಿಕೊಂಡರು. "ಯಾರದು ಅನ್ಫೀಸಾ? ಪೆಟ್ಟಿಗೆ ಅದಲುಬದಲಾಯ್ತಾ?" ಎಂದು ಮುದುಕ ಪಿಸುಗುಟ್ಟಿದ. ಅಲೀನಾಳ ಜೊತೆ ಓದಿದ್ದ ಹೆಂಗಸೊಬ್ಬಳು ಬೆಚ್ಚಿ ಅವಳ ಕಡೆ ತಿರುಗಿದಳು. ಹೆಸರು ಮತ್ತೆ ಬಂತು, ಮತ್ತೆ ಮತ್ತೆ ಬಂತು. ಅಲೀನಾ ಪ್ರತಿ ಸಲವೂ ಲೆಕ್ಕ ತಪ್ಪದೆ ತಲೆ ಬಾಗಿಸಿದಳು.

ಕೊನೆಗೆ ಫಾದರ್ ಪಾಪವಿಮೋಚನೆಯ ಪ್ರಾರ್ಥನೆಯಿದ್ದ ಅಚ್ಚು ಹಾಳೆ ತಂದರು. ಸತ್ತವರ ಬಲಗೈಯಲ್ಲಿ ಇಟ್ಟು ಕಳಿಸುವ ಹಾಳೆ ಅದು. ಹೆಸರಿನ ಜಾಗ ಖಾಲಿ ಇತ್ತು.

"ಕೊಡಿ, ನಾನು ಬರೀತೀನಿ," ಎಂದಳು ಅಲೀನಾ.

ಪೆಟ್ಟಿಗೆಯ ಅಂಚಿನ ಮೇಲೇ ಇಟ್ಟು, ಒಂದೊಂದು ಅಕ್ಷರವನ್ನೂ ಬಿಡಿಸಿ ಬರೆದಳು. ಹಾಳೆಯನ್ನು ಸುರುಳಿ ಸುತ್ತಿ ತಾಯಿಯ ಬೆರಳುಗಳ ನಡುವೆ ತೂರಿಸಲು ನೋಡಿದಳು. ಬೆರಳು ಸೆಟೆದಿದ್ದವು. ಹಾಳೆ ಒಳಗೆ ಹೋಗಲಿಲ್ಲ.

"ಹಾಗೇ ಎದೆ ಮೇಲಿಟ್ಟುಬಿಡಿ," ಎಂದ ಕುಜ್ಮಾ. "ಹೊತ್ತಾಯ್ತು, ಗುಂಡಿ ಹತ್ರ ಜನ ಕಾಯ್ತಿದ್ದಾರೆ."

"ತಗೋತಾಳೆ, ಇರು," ಎಂದಳು ಅಲೀನಾ.

ನಾಲ್ವರು ಮುಚ್ಚಳ ಎತ್ತಿ ಹಿಡಿದು ನಿಂತಿದ್ದರು. ಅಲೀನಾ ಕೈಗವಸು ಬಿಚ್ಚಿ, ಆ ಕೈಯನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಬಾಗಿ, ಬಿಸಿಯುಸಿರು ಊದತೊಡಗಿದಳು.