ಅಂಜಿಕೆಯ ತಾಯತ

ಶಾಲೆಯ ಬಸ್ಸು ಬೆಳಗಾವಿಯ ಮಹಾಂತೇಶ ನಗರ ಬಿಟ್ಟು ಖಾನಾಪುರದ ರಸ್ತೆ ಹಿಡಿಯುವ ಹೊತ್ತಿಗೆ ಒಳಗೆ ಕಿವಿಗಡಚಿಕ್ಕುವ ಗದ್ದಲ. ಹುಲಿ ನೋಡಲು ಹೊರಟ ಮಕ್ಕಳು ಸುಮ್ಮನಿರಲಿ ಎಂದು ಬಯಸುವವರು ಮಕ್ಕಳನ್ನೇ ಕಂಡವರಲ್ಲ. ಅನುರಾಧಾ ಟೀಚರ್ ಎರಡು ಸಲ ಗದರಿ, ಮೂರನೆಯ ಸಲಕ್ಕೆ ತಾವೇ ಸೋತು ಕುಳಿತಿದ್ದರು. ಅಷ್ಟು ಮಕ್ಕಳಲ್ಲಿ ಒಂದೇ ಒಂದು ಮಗು ಬಾಯಿ ಮುಚ್ಚಿಕೊಂಡು ಕಿಟಕಿಯಾಚೆ ನೋಡುತ್ತಿತ್ತು. ಅದು ಮೂರನೇ ತರಗತಿಯ ಸೃಷ್ಟಿ. ಹಿಂದಿನ ಸೀಟಿನಲ್ಲಿ ಕುಳಿತು ಅವಳ ಜಡೆಯನ್ನೇ ನೋಡುತ್ತಿದ್ದವಳು ಅವಳ ತಾಯಿ ಪ್ರಮಿಳಾ, ಅದೇ ಶಾಲೆಯ ಆಯಾ.

ಪ್ರವಾಸಕ್ಕೆ ಹೋಗುವ ಪಾಳಿ ನಿಜಕ್ಕೂ ಇನ್ನೊಬ್ಬ ಆಯಾ ಕಾಶವ್ವನದು. ಪ್ರಮಿಳಾ ಅವಳ ಕೈಕಾಲು ಹಿಡಿದು ಅದನ್ನು ತನ್ನದು ಮಾಡಿಕೊಂಡಿದ್ದಳು. "ಹುಲಿ ನೋಡಾಕ ಇಷ್ಟ ಜೀವಾ ಬಿಡಾಕತ್ತೀಯಲ್ಲ, ಸಣ್ಣ ಹುಡುಗಿ ಏನ ನೀ?" ಎಂದು ಕಾಶವ್ವ ನಕ್ಕಿದ್ದಳು. ಪ್ರಮಿಳಾಳಿಗೆ ಹುಲಿಯೂ ಬೇಡ, ಸಿಂಹವೂ ಬೇಡ. ಅವಳಿಗೆ ಬೇಕಾಗಿದ್ದದ್ದು ಒಂದು ಹೆಣ್ಣು ಚಿರತೆಯ ನಾಲ್ಕು ಕೂದಲು. ಅವು ಕೈಗೆ ಸಿಕ್ಕರೆ ಮಗಳು ಮಾತಾಡುತ್ತಾಳೆ, ಸಿಗದಿದ್ದರೆ ಇಲ್ಲ. ಅವಳ ಲೆಕ್ಕ ಅಷ್ಟು ನೇರವಾಗಿತ್ತು.

ದೀಪಾವಳಿಗೆ ಅವರು ಬೀಡಿ ಎಂಬ ಊರಿನ ಹತ್ತಿರವಿದ್ದ ಗಂಡನ ಹಳ್ಳಿಗೆ ಹೋಗಿದ್ದರು. ಪಾಡ್ಯದ ದಿನ ಅಂಗಳದಲ್ಲಿ ಸೆಗಣಿಯ ಪಾಂಡವರನ್ನು ಮಾಡಿ ಕೂರಿಸುವುದು ಅಲ್ಲಿನ ರೂಢಿ. ಸೆಗಣಿ ತರುತ್ತೇನೆಂದು ಬುಟ್ಟಿ ಹಿಡಿದು ಕೊಟ್ಟಿಗೆಗೆ ಹೋದ ಸೃಷ್ಟಿ ಹೊರಗೆ ಬರಲಿಲ್ಲ. ಯಾಕೆಂದು ಇಣುಕಿದ ಅಜ್ಜಿ ಮಾಯಕ್ಕನಿಗೆ ಮೇವಿನ ಮೂಲೆಯಲ್ಲಿ ಮಲಗಿದ್ದ ಚಿರತೆಯೂ, ಅದರೆದುರಿಗೆ ಬುಟ್ಟಿ ಹಿಡಿದು ನಿಂತ ಮೊಮ್ಮಗಳೂ ಒಟ್ಟಿಗೇ ಕಂಡರು. ಮುದುಕಿ ಹಾಕಿದ ಬೊಬ್ಬೆಗೆ ಇಡೀ ಊರೇ ಓಡಿ ಬಂತು. ಕುರಿ ತರುಬುವ ಬಲೆ ಬೀಸಿ ಯಾರೋ ಚಿರತೆಯನ್ನು ಸಿಕ್ಕಿಸಿದರು. ಅಷ್ಟರಲ್ಲಿ ಜನರನ್ನು ಸೀಳಿಕೊಂಡು ಒಳಗೆ ನುಗ್ಗಿದ ಪ್ರಮಿಳಾ, ಸೆಗಣಿ ಬಳಿಯುವ ಸಲಿಕೆ ಎತ್ತಿಕೊಂಡಳು. ತೋಳು ಸೋಲುವ ತನಕ ಹೊಡೆದಳು. ಆಮೇಲೆ ಸಲಿಕೆ ಒಗೆದು ಮಗಳನ್ನು ಬಾಚಿ ಎತ್ತಿಕೊಂಡು ಹೊರಗೆ ಬಂದಳು.

ಊರಿಗೆ ಊರೇ ಅವಳನ್ನು ಹೊಗಳಿತು. ಹೆತ್ತ ಹೊಟ್ಟೆ ಅಂದರೆ ಇದು ಎಂದರು. ಯಾರದೋ ಮೊಬೈಲಿನಲ್ಲಿ ಹಿಡಿದ ವಿಡಿಯೋ ಬೆಳಗಾವಿಗೂ ಬಂತು. ಟೆಂಪೋ ಓಡಿಸುವ ಗಂಡ ಗಜಾನನ, ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆ ಅದನ್ನು ತೋರಿಸಿ ಎದೆ ಉಬ್ಬಿಸಿದ. ಅರಣ್ಯ ಇಲಾಖೆಯವರು ಬಂದು ಜೀವ ಹಿಡಿದುಕೊಂಡಿದ್ದ ಚಿರತೆಯನ್ನು ಒಯ್ದರು. ಎಲ್ಲ ಮುಗಿಯಿತು ಎನ್ನುವಾಗ ಗೊತ್ತಾಯಿತು, ಸೃಷ್ಟಿ ಮಾತು ಬಿಟ್ಟಿದ್ದಾಳೆ ಎಂದು.

ಎಂಥ ವಾಚಾಳಿ ಮಗು ಅದು! ನಲ್ಲಿಗೆ ನೀರು ಬಂದರೂ ಓಡಿ ಬಂದು ವರದಿ ಒಪ್ಪಿಸುತ್ತಿತ್ತು. ಈಗ ಅಳುವುದಕ್ಕೂ ಸದ್ದಿಲ್ಲ. ಸಂಕ್ರಾಂತಿಗೆ ಓಣಿಯ ಮಕ್ಕಳೆಲ್ಲ ಕುಸುರೆಳ್ಳು ಕೊಟ್ಟು ಹರಟಿದರೆ, ಇವಳು ಅಂಗೈ ಮುಂದೆ ಚಾಚಿ ಮೂಕಿಯಂತೆ ನಿಂತಳು. ಶಾಲೆಗೆ ಹೋಗುತ್ತಾಳೆ, ಬರೆಯುತ್ತಾಳೆ, ಅಪ್ಪ ಕೊಟ್ಟರೆ ಉಣ್ಣುತ್ತಾಳೆ. ಪ್ರಮಿಳಾ ತಲೆ ಬಾಚಲು ಕೂರಿಸಿಕೊಂಡರೆ ಮೈಯೆಲ್ಲ ಸೆಟೆದು ಕೊರಡಾಗುತ್ತದೆ. ರಾತ್ರಿ ಅಪ್ಪನ ಆಚೆಯ ಬದಿಗೆ ಹೋಗಿ ಮಲಗುತ್ತಾಳೆ. ಅಂಜಿಕೆ ಹೊಕ್ಕ ಕೂಸಿಗೆ ತಾಯಿಯ ಗುರುತೂ ಹತ್ತುವುದಿಲ್ಲವಲ್ಲ ಎಂದು ಪ್ರಮಿಳಾ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಸದಾಶಿವನಗರದ ಡಾಕ್ಟರು ಕಿವಿ ನೋಡಿದರು, ಗಂಟಲು ನೋಡಿದರು, ಎಲ್ಲ ಸರಿ ಇದೆ ಎಂದರು. ಮನಸ್ಸಿಗೆ ಪೆಟ್ಟು ಬಿದ್ದಿದೆ, ಸಮಯ ಹಿಡಿಯುತ್ತದೆ, ತಪ್ಪದೆ ಕರೆತನ್ನಿ ಎಂದರು. ಪ್ರಮಿಳಾ ತಪ್ಪದೆ ಕರೆದೊಯ್ದಳು. ಜೊತೆಗೆ ನಿಂಬೆಹಣ್ಣು ಇಳಿಸಿದಳು, ಅಂಗಾರ ಹಚ್ಚಿದಳು, ಹರಕೆ ಹೊತ್ತಳು. ಯಾವುದಕ್ಕೂ ಮಗಳ ತುಟಿ ಬಿಚ್ಚಲಿಲ್ಲ. ಕೊನೆಗೆ ಬೀಡಿಯಲ್ಲಿ ಅಂಜಿಕೆಗೆ ತಾಯತ ಕಟ್ಟುವ ಸಂಗವ್ವನ ಮುಂದೆ ಹೋಗಿ ಕುಳಿತಳು. ಹಿಂದೆ ಕರಡಿ ಆಡಿಸುವವರು ಊರಿಗೆ ಬಂದಾಗ ತಾಯಂದಿರು ಕೂದಲು ಕೇಳಿ ಪಡೆದು ಮಕ್ಕಳ ಕೊರಳಿಗೆ ಕಟ್ಟುತ್ತಿದ್ದರಲ್ಲ, ಸಂಗವ್ವನದೂ ಅದೇ ವಿದ್ಯೆ. ಆದರೆ ಅವಳು ತನ್ನ ವಿದ್ಯೆಯಲ್ಲಿ ಬಲು ಕಟ್ಟುನಿಟ್ಟು.

"ಯಾವುದನ್ನ ನೋಡಿ ಕೂಸು ಅಂಜೈತೋ ಅದರ ಕೂದಲಾನ ಬೇಕು ನೋಡವಾ," ಎಂದಿದ್ದಳು. "ಬ್ಯಾರೆದರದು ತಂದು ಕಟ್ಟಿದ್ರ ಉಪಯೋಗಿಲ್ಲ. ಕಟ್ಟೂದನ ಬ್ಯಾಡ."

ಆ ಚಿರತೆ ಖಾನಾಪುರದಾಚೆ ಕಾಡಿನಂಚಿನ ಪ್ರಾಣಿಗಳ ಧಾಮದಲ್ಲಿದೆ, ಶಾಲೆಯ ಮಕ್ಕಳನ್ನು ಅಲ್ಲಿಗೇ ಕರೆದೊಯ್ಯುತ್ತಾರೆ ಎಂದು ತಿಳಿದ ದಿನ ಪ್ರಮಿಳಾಳಿಗೆ ದೇವರೇ ಬಾಗಿಲಿಗೆ ಬಂದಂತಾಗಿತ್ತು.

ಧಾಮದ ಬಾಗಿಲಲ್ಲಿ ಹಸಿರು ಅಂಗಿಯ ಹುಡುಗಿಯೊಬ್ಬಳು ಮಕ್ಕಳಿಗೆ ಕಾಗದದ ಹುಲಿ ಮುಖವಾಡ ಹಂಚುತ್ತಿದ್ದಳು. ಹೆಸರು ಸಾಕ್ಷಿ, ಮಕ್ಕಳಿಗೆ ಧಾಮ ತೋರಿಸುವುದೇ ಅವಳ ಕೆಲಸ. ಇಲ್ಲಿರುವುದೆಲ್ಲ ಗಾಯಗೊಂಡೋ ತಾಯಿ ಸತ್ತೋ ಬಂದ ಹುಲಿ, ಚಿರತೆಗಳು, ಕೂಗಿದರೆ ಅವಕ್ಕೆ ಭಯವಾಗುತ್ತದೆ ಎಂದು ಅವಳು ಹೇಳಿದ ಮೇಲೆ ಮುಖವಾಡದೊಳಗಿನ ಮಕ್ಕಳೆಲ್ಲ ಪಿಸುಮಾತಿಗಿಳಿದವು. ಟೀಚರಿಗೆ ಸಾಧ್ಯವಾಗದ್ದನ್ನು ಅವಳು ಅರೆಗಳಿಗೆಯಲ್ಲಿ ಮಾಡಿ ಮುಗಿಸಿದ್ದಳು.

ಮಕ್ಕಳು ಸಾಲು ಕಟ್ಟುವಷ್ಟರಲ್ಲಿ ಪ್ರಮಿಳಾ ಅವಳನ್ನು ಬದಿಗೆ ಕರೆದಳು.

"ಮ್ಯಾಡಮ್ಮಾರ, ಬೀಡಿ ಕಡೆಯಿಂದ ತಂದ ಚಿರತಿ ಐತೇನ್ರಿ ನಿಮ್ಮಲ್ಲಿ? ಅದರದು ನಾಕ ಕೂದಲಾ ಬೇಕಾಗಿತ್ರಿ. ನನ್ನ ಮಗಳು ಅದನ್ನ ನೋಡಿ ಅಂಜಿ ಮಾತ ಬಿಟ್ಟಾಳ್ರಿ."

ಸಾಕ್ಷಿಯ ಮುಖ ಮೆತ್ತಗಾಯಿತು. "ಅಕ್ಕಾರ, ಇಲ್ಲಿಂದ ಒಂದ ಕೂದಲಾ ಹೊರಗ ಹೋದ್ರೂ ಕೇಸ್ ಆಗತೈತ್ರಿ. ಕಾಯ್ದೇನ ಹಂಗೈತಿ. ಡಾಕ್ಟರ್ ಕಡೆ ತೋರ್ಸಿರೇನು?"

"ಎಲ್ಲಾರ ಕಡೆ ತೋರ್ಸೇನ್ರಿ. ನಿಮ್ಮ ಕಾಲ ಹಿಡೀತೀನಿ. ನೆಲಕ್ಕ ಬಿದ್ದಿರತಾವಲ್ರಿ, ಕಸದಾಗ ಹೋಗುವಂಥಾವು..."

"ಏಳ್ರಿ ಅಕ್ಕಾರ, ಕಾಲ ಮುಟ್ಟಬ್ಯಾಡ್ರಿ. ನನ್ನ ಕೈಯಾಗ ಇಲ್ರಿ ಅದು," ಎಂದು ಸಾಕ್ಷಿ ಅವಳ ಎರಡೂ ಕೈ ಹಿಡಿದುಕೊಂಡಳು. ಬಿಡಿಸಿಕೊಂಡು ಮಕ್ಕಳ ಕಡೆ ಹೋಗುವಾಗ ಅವಳ ಕಣ್ಣೂ ತೇವಗೊಂಡಿತ್ತು. ಆದರೆ ಕನಿಕರವನ್ನು ತಾಯತದಲ್ಲಿ ತುಂಬಿ ಕಟ್ಟಲಾಗುತ್ತದೆಯೇ? ಕೊಡದಿದ್ದರೆ ಕದಿಯುವುದೇ ಸೈ ಎಂದು ಪ್ರಮಿಳಾ ಅಲ್ಲಿ ನಿಂತಲ್ಲೇ ನಿಶ್ಚಯಿಸಿದಳು.

ಹುಲಿಗಳನ್ನು ನೋಡಿದ್ದಾಯಿತು. ಕೊನೆಗೆ ಅವರೆಲ್ಲ ಮರಗಳ ನಡುವಿನ ಒಂದು ಆವರಣದ ಮುಂದೆ ನಿಂತರು. ಮುಂದೆ ಸೊಂಟದೆತ್ತರದ ಕಟಾಂಜನ, ಅದರಾಚೆ ನಾಲ್ಕು ಹೆಜ್ಜೆ ಬಿಟ್ಟು ಎತ್ತರದ ಜಾಲರಿ. ಜಾಲರಿಯೊಳಗೆ ಮರದ ಅಟ್ಟದ ಮೇಲೆ ಚಿರತೆ ಮಲಗಿತ್ತು. ತಿರುಗಿ ನೋಡಿದಾಗ ಅದರ ಒಂದು ಕಣ್ಣಿನ ಜಾಗದಲ್ಲಿ ಬರೀ ಹೊಲಿಗೆಯ ಗೆರೆ ಕಾಣಿಸಿತು.

"ಇಲ್ಲಿ ಎಲ್ಲಿಂದ ತಂದೇವೋ ಆ ಕಡೆ ಹೆಸರ ಇಡತೇವಿ. ಇಕಿ ಬೀಡಿಯವ್ವ," ಎಂದಳು ಸಾಕ್ಷಿ. "ಹೊಟ್ಟಿ ಹಸದು, ಕಾಲಿಗೆ ಮುಳ್ಳ ಚುಚ್ಚಿ ಒಂದ ಕೊಟ್ಟಿಗ್ಯಾಗ ಬಂದು ಮಲಗಿದ್ಲು. ಯಾರಿಗೂ ಏನೂ ಮಾಡಿರಲಿಲ್ಲ. ಬಲಿಯೊಳಗ ಸಿಕ್ಕೊಂಡು, ಅಳ್ಳಾಡಾಕೂ ಬರದಂಗ ಆದ ಮ್ಯಾಲೆ ಹೊಡದಾರ. ಒಂದ ಕಣ್ಣ ಹೋತು, ದವಡಿ ಮುರೀತು."

"ಯಾರ ಹೊಡದ್ರು ಮಿಸ್?" ಎಂದು ಒಂದು ಮುಖವಾಡ ಸಿಟ್ಟಿನಿಂದ ಕೇಳಿತು. "ಅವರನ್ನ ಜೇಲಿಗೆ ಹಾಕಿದ್ರೇನು?" ಎಂದಿತು ಇನ್ನೊಂದು.

"ಯಾರೋ ಪಾಪ, ಅಂಜಿ ಹೊಡದಿರಬೇಕು. ಅಂಜಿಕಿ ಬಂದ್ರ ಮನಶ್ಯಾರಿಗೆ ತಾವೇನ ಮಾಡಾಕತ್ತೇವಿ ಅನ್ನೂದ ತಿಳಿಯೂದಿಲ್ಲ."

ಪ್ರಮಿಳಾಳ ಕಿವಿ ಕಾದವು. ನಿನ್ನ ಮಗಳು ಅದರ ಬಾಯಿಯ ಮುಂದೆ ನಿಂತಿದ್ದರೆ ನೀನೂ ಹೊಡೆಯುತ್ತಿದ್ದೆ ಕಣೇ ಹುಡುಗಿ, ಎಂದು ಹಲ್ಲು ಕಚ್ಚಿದಳು. ಅಷ್ಟರಲ್ಲಿ ಅವಳ ಕಣ್ಣು ಸೃಷ್ಟಿಯ ಮೇಲೆ ಬಿತ್ತು. ಮಗಳು ಮುಖವಾಡ ತೆಗೆದು, ಎಲ್ಲರಿಗಿಂತ ಮುಂದೆ ಹೋಗಿ, ಕಟಾಂಜನಕ್ಕೆ ಗದ್ದ ಒರಗಿಸಿ ನಿಂತಿದ್ದಳು. ನಡುಕವಿಲ್ಲ, ಬೆವರಿಲ್ಲ. ಕಾಯಿಲೆಯ ನಂಟರನ್ನು ಆಸ್ಪತ್ರೆಯಲ್ಲಿ ನೋಡುವಂತೆ ಆ ಒಕ್ಕಣ್ಣಿನ ಪ್ರಾಣಿಯನ್ನು ನೋಡುತ್ತಿದ್ದಳು. ಇದೇನು ಸೋಜಿಗ ಎಂದು ಪ್ರಮಿಳಾಳಿಗೆ ಅನ್ನಿಸಿತಾದರೂ, ಅದನ್ನು ಯೋಚಿಸುತ್ತ ಕೂರುವ ವ್ಯವಧಾನ ಎಲ್ಲಿಂದ ಬರಬೇಕು? ಜಾಲರಿಯ ಕೆಳತುದಿಯಲ್ಲಿ ಚಿರತೆ ಮೈ ಉಜ್ಜಿದ ಕಡೆ ಹಳದಿ ಕೂದಲಿನ ಸಣ್ಣ ಕುಚ್ಚೊಂದು ಸಿಕ್ಕಿಕೊಂಡಿದ್ದು ಅವಳಿಗೆ ಆಗಲೇ ಕಂಡಿತ್ತು.

ಊಟದ ಹೊತ್ತಾಯಿತು. "ನೀವ ಮುಂದ ನಡೀರಿ ಬಾಯಾರ, ಹುಡುಗೂರ ಒಗದ ಮುಖವಾಡಾ ಆರಿಸ್ಕೊಂಡ ಬರತೇನಿ," ಎಂದು ಅನುರಾಧಾ ಟೀಚರಿಗೆ ಹೇಳಿ ಪ್ರಮಿಳಾ ಹಿಂದೆ ಉಳಿದಳು. ಸಾಲು ತಿರುವಿನಲ್ಲಿ ಮರೆಯಾಗುತ್ತಲೇ ಸೀರೆ ಎತ್ತಿ ಕಟ್ಟಿ ಕಟಾಂಜನ ದಾಟಿದಳು. ಜಾಲರಿಯ ಮುಂದೆ ಮಂಡಿಯೂರಿ, ದೇವರೇ ಒಂದು ಗಳಿಗೆ ಕೊಡು ಎಂದು ಬೇಡುತ್ತ ಎರಡು ಬೆರಳನ್ನು ತಂತಿಯ ಸಂದಿಯೊಳಗೆ ತೂರಿಸಿದಳು. ಕುಚ್ಚು ತಂತಿಗೆ ಗಟ್ಟಿಯಾಗಿ ಸುತ್ತಿಕೊಂಡಿತ್ತು. ಎಳೆದಳು, ಬರಲಿಲ್ಲ. ಉಗುರಿನಿಂದ ಕಿತ್ತಳು. ನಾಲ್ಕು ಎಳೆ ಬೆರಳಿಗೆ ಹತ್ತಿದವು.

ಅದೇ ಹೊತ್ತಿಗೆ ಜಾಲರಿ ಅವಳ ಮುಖಕ್ಕೇ ಬಡಿದಂತಾಯಿತು. ಚಿರತೆ ಅಟ್ಟದಿಂದ ಹಾರಿ ಬಂದು ಅಪ್ಪಳಿಸಿತ್ತು. ಗುರುತು ಹಿಡಿಯಿತೋ, ಅಷ್ಟು ಹತ್ತಿರ ಬಂದ ಯಾರ ಮೇಲಾದರೂ ಹಾಗೆಯೇ ಎರಗುತ್ತಿತ್ತೋ, ಬಲ್ಲವರಾರು? ಪ್ರಮಿಳಾ ಹಿಂದಕ್ಕೆ ಬಿದ್ದಳು. ಮುರಿದ ದವಡೆಯ ಬಿಸಿಯುಸಿರು, ಗುಡುಗು, ಮೂಗಿನ ತುದಿಯಲ್ಲೇ ಹಲ್ಲು. ಎಲೆ ಗುಡಿಸಲೆಂದು ಒರಗಿಸಿಟ್ಟಿದ್ದ ಉದ್ದ ಕೋಲಿನ ಕಸಬರಿಗೆ ಕೈಗೆ ಸಿಕ್ಕಿತು. ಅದನ್ನು ತಿರುಗಿಸಿ ಹಿಡಿದು ಜಾಲರಿಗೆ ಬಡಿಯತೊಡಗಿದಳು.

"ಸಾಯಿ! ಸಾಯಿ ಮುಂಡೇದ! ನನ್ನ ಮಗಳ ಬಾಯಿ ತಿಂದೆಲ್ಲ, ಸಾಯಿ!"

ಚಿರತೆ ಆಗಲೇ ಹಿಂದೆ ಸರಿದು, ಮೂಲೆಗೆ ಹೋಗಿ ಮುದುಡಿತ್ತು. ಅವಳು ಬಡಿಯುತ್ತಲೇ ಇದ್ದಳು. ಮೂರು ತಿಂಗಳ ಸಿಟ್ಟು, ಹರಕೆ, ನಿದ್ದೆಗೆಟ್ಟದ್ದು ಎಲ್ಲ ಆ ಕೋಲಿಗೆ ಇಳಿದು ಬಂದಿತ್ತು. ಕೋಲು ಮುರಿದಾಗಲೇ ನಿಲ್ಲಿಸಿದಳು. ಏದುಸಿರು ಬಿಡುತ್ತ ತಿರುಗಿದಳು.

ಕಟಾಂಜನದಾಚೆ ಸೃಷ್ಟಿ ಇದ್ದಳು. ಊಟ ಬಿಟ್ಟು ಚಿರತೆಯನ್ನು ಇನ್ನೊಮ್ಮೆ ನೋಡಲು ಓಡಿ ಬಂದಿದ್ದಳೋ ಏನೋ. ನೆಲಕ್ಕೆ ಕುಕ್ಕರಿಸಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡಿದ್ದಳು. ಲಂಗ ಒದ್ದೆಯಾಗಿತ್ತು. ಮೊಣಕೈಗಳ ನಡುವಿನಿಂದ ಎರಡು ಕಣ್ಣು ನೋಡುತ್ತಿದ್ದವು, ಜಾಲರಿಯ ಕಡೆಗಲ್ಲ. ಪ್ರಮಿಳಾಳ ಕಡೆಗೆ.

ಅಂದು ಕೊಟ್ಟಿಗೆಯಲ್ಲಿ ಸಲಿಕೆ ಒಗೆದು ತಿರುಗಿದಾಗಲೂ ಮಗಳು ಹೀಗೆಯೇ ಕುಕ್ಕರಿಸಿದ್ದಳು, ಹೀಗೆಯೇ ನೋಡಿದ್ದಳು. ಅದಕ್ಕೂ ಮೊದಲು ಚಿರತೆಯ ಎದುರಿಗೆ ಅವಳು ನೆಟ್ಟಗೆ ನಿಂತಿದ್ದಳು, ಬುಟ್ಟಿ ಕೂಡ ಕೈಯಿಂದ ಜಾರಿರಲಿಲ್ಲ. ಅತ್ತೆ ಮಾಯಕ್ಕ ಅದನ್ನು ಎಷ್ಟು ಸಲ ಹೇಳಿದ್ದಳು! ಪ್ರಮಿಳಾ ಎಷ್ಟು ಸಲ ಕೇಳಿದ್ದಳು! ತಿಳಿದದ್ದು ಈಗ. ಕೈಯ ಕೋಲು ತಾನಾಗಿ ಕೆಳಗೆ ಬಿತ್ತು. ಬೆರಳಿಗೆ ಹತ್ತಿದ್ದ ಕೂದಲು ಎಲ್ಲಿ ಉದುರಿತೋ, ಅವಳು ನೋಡಲಿಲ್ಲ.

ಕಟಾಂಜನ ದಾಟಿ ಬಂದಳು. ಮಗಳಿಂದ ದೂರದಲ್ಲೇ ಮಣ್ಣಿನಲ್ಲಿ ಕುಳಿತಳು. ಕೇಳಬಾರದು, ಕೇಳಿದರೆ ತಾಳಲಾಗುವುದಿಲ್ಲ ಎಂದು ಹೊಟ್ಟೆಯೊಳಗೆ ಯಾರೋ ಕೂಗುತ್ತಿದ್ದರು. ಆದರೂ ಕೇಳಿದಳು.

"ಸೃಷ್ಟಿ... ನೀ ನನಗ ಅಂಜತೀಯೇನ?"

ಸೃಷ್ಟಿ ಹೌದೆಂದು ತಲೆಯಾಡಿಸಿದಳು.

ದೀಪಾವಳಿಯಿಂದ ಈಚೆಗೆ ಮಗಳು ಅವಳಿಗೆ ಕೊಟ್ಟ ಮೊದಲ ಉತ್ತರ ಅದು. ಇಷ್ಟು ದಿನ ಒಂದು ಉತ್ತರಕ್ಕಾಗಿ ಅವಳು ಯಾರ ಯಾರ ಕಾಲು ಹಿಡಿದಿರಲಿಲ್ಲ! ಅಳು ಒದ್ದುಕೊಂಡು ಬಂತು. ತಬ್ಬಿಕೊಳ್ಳಲೆಂದು ಎರಡೂ ಕೈ ಚಾಚಿದಳು. ಕೈ ಮೇಲೇಳುವುದನ್ನು ಕಂಡದ್ದೇ ತಡ, ಮಗು ಕಣ್ಣು ಬಿಗಿಯಾಗಿ ಮುಚ್ಚಿ, ಭುಜ ಕುಗ್ಗಿಸಿ, ಏಟಿಗೆ ಕಾಯುತ್ತ ಕುಳಿತಿತು.

ಪ್ರಮಿಳಾ ಕೈ ಹಿಂದಕ್ಕೆ ಎಳೆದುಕೊಂಡಳು. ಬೆನ್ನ ಹಿಂದೆ ಒಯ್ದು ಒಂದರಿಂದ ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸದ್ದು ಕೇಳಿದ ಸಾಕ್ಷಿ ಆ ಕಡೆಯಿಂದ ಓಡಿ ಬರುತ್ತಿದ್ದಳು.

"ಅಗೋ ಆ ಅಕ್ಕ ಬಂದ್ಲು ನೋಡು, ಅಕಿ ಕೈ ಹಿಡಕೊಂಡ ಹೋಗವಾ," ಎಂದಳು ಪ್ರಮಿಳಾ. "ನೀ ಮುಂದ ನಡಿ. ನಾ ದೂರದಿಂದ ಬರತೇನಿ."